ಅಳತೆಪಟ್ಟಿ

ನಮ್ಮಲ್ಲಿ ಪಾದಕ್ಕೆ ಅಂಕಿ ಇರಲಿಲ್ಲ, ಹೆಸರಿತ್ತು.
ಉಣ್ಣೆಯ ಮೆಟ್ಟು ಬೇಕೆಂದು ಬಂದವರು
ಬಾಗಿಲಲ್ಲೇ ನಿಂತು ಹೇಳುತ್ತಿದ್ದರು:
"ನನ್ನದು ಸಾಗಿನ್‌ನಷ್ಟೇ, ಬೆರಳ ಹತ್ತಿರ ಕೊಂಚ ಅಗಲ."
ಅಷ್ಟು ಸಾಕು. ಗೋಡೆಯ ಮೊಳೆಯಿಂದ
ಸಾಗಿನ್‌ನ ಮರದ ಅಚ್ಚು ಇಳಿಯುತ್ತಿತ್ತು.

ಕೆತ್ತಿದವನು ನನ್ನ ಗಂಡ.
ಬರ್ಚ್ ಮರ; ಕೊಚ್ಕೋರಿನ ಒಂದೊಂದು ಕಾಲಿಗೂ ಒಂದೊಂದು ತುಂಡು.
ಲಾಳ ಹೊಡೆಯುವ ಸಾಗಿನ್, ಸೂಲಗಿತ್ತಿ ಬುರುಲ್ಚಾ,
ಹಿಮ ಕಚ್ಚಿ ಎಡಗಾಲಿನ ಬೆರಳು ಕಳಕೊಂಡ
ಕುದುರೆ ಕಾಯುವ ಎಸೆನ್‌ಕುಲ್.
ಗೋಡೆಯ ತುಂಬ ಊರೇ
ಅಂಗಾಲು ತೋರಿಸಿ ನೇತಾಡುತ್ತಿತ್ತು.

ಈಗ ಅಂಗಡಿ ಫೋನಿನೊಳಗಿದೆ.
ತೆರೆದವಳು ತಂಗಿಯ ಮಗಳು ಮೀರಿಮ್, ಬೀಗವೂ ಅವಳದೇ.
ಕೆಂಪು ಜಮಖಾನೆಯ ಮೇಲಿಟ್ಟು ನಾನು ತೆಗೆದ
ಚಿತ್ರಗಳನ್ನೆಲ್ಲ ಮೊದಲ ದಿನವೇ ಅಳಿಸಿದಳು.
"ಮಾರುವುದು ಜಮಖಾನೆಯನ್ನೋ, ಮೆಟ್ಟನ್ನೋ?"
ಕಿಟಕಿಯ ಬಳಿ, ಬಿಳಿ ಹಿಟ್ಟಿನ ಚೀಲದ ಮೇಲೆ,
ಬೆಳಗಿನ ಹತ್ತು ಗಂಟೆ, ಹಿಮದ ಬೆಳಕು.
ಮೇಲಿಂದ ಒಂದು, ಪಕ್ಕದಿಂದ ಒಂದು,
ಮಗುಚಿ ಅಡಿಯ ಹೊಲಿಗೆಗೆ ಇನ್ನೊಂದು.
ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಐದು ಸೋಮ್ ನಾಣ್ಯ.
ಮೊದಲ ಗಿರಾಕಿ ಕೇಳಿದ್ದು:
ನಾಣ್ಯವೂ ಜೊತೆಗೆ ಬರುತ್ತದೆಯೇ?

ಉಣ್ಣೆಗೆಷ್ಟು, ದಾರಕ್ಕೆಷ್ಟು, ಕೈಗೆಷ್ಟು ಎಂದಳು.
ಕೈ ನನ್ನದೇ ಅಲ್ಲವೇ, ಎಂದೆ.
ಹಾಳೆಯಲ್ಲಿ ಮೂರು ದಿನದ ಕೂಲಿ ಬರೆದಳು.
ಪೆಟ್ಟಿಗೆ, ಅಂಟುಪಟ್ಟಿ, ಮಾರುಕಟ್ಟೆಯವರ ಪಾಲು,
ಅಂಚೆಗೆ ಹೋಗಿಬರುವ ಬಾಡಿಗೆ, ಎಲ್ಲ ಕೂಡಿಸಿ
ತಲೆಯೆತ್ತಿದಳು: "ಇಷ್ಟು ವರ್ಷ ನೀನು
ಮಾರಿಲ್ಲ ದೊಡ್ಡಮ್ಮ, ದಾನ ಮಾಡಿದ್ದೀಯ."
ಬೆಲೆ ಏರಿಸಿದ ರಾತ್ರಿ ನಿದ್ದೆ ಹತ್ತಲಿಲ್ಲ,
ಕದ್ದವಳ ಹಾಗೆ.

ಒಂದು ನಕ್ಷತ್ರ ಬಂತು.
ಐದು ಇರುತ್ತವಂತೆ, ನಾಲ್ಕನ್ನು ಅವಳೇ ಇಟ್ಟುಕೊಂಡಳು.
"ಕುರಿಯ ವಾಸನೆ" ಎಂದು ಬರೆದಿದ್ದಳು.
ಮತ್ತೇನು, ಮೀನಿನದೇ?
ನಾನು ಬೈಯುತ್ತ ಹೋದೆ, ಮೀರಿಮ್ ಒತ್ತುತ್ತ ಹೋದಳು,
ಕೊನೆಗೆ ನೋಡಿದರೆ ಕಳಿಸಿದ್ದು ಇಷ್ಟೇ:
"ಎರಡು ದಿನ ಗಾಳಿಗಿಡಿ. ಆಗದಿದ್ದರೆ ಹಣ ವಾಪಸ್."
ಅವಳು ಮೆಟ್ಟನ್ನು ವಾಪಸ್ ಕಳಿಸಲಿಲ್ಲ.
ನಕ್ಷತ್ರವನ್ನೂ.

ಅಳತೆಯ ಖಾನೆಗಳನ್ನು ತುಂಬುವ ದಿನ
ಅಚ್ಚುಗಳನ್ನೆಲ್ಲ ನೆಲಕ್ಕಿಳಿಸಿ ಟೇಪು ಹಿಡಿದೆವು.
ಬುರುಲ್ಚಾ ಮೂವತ್ತೇಳು. ಸಾಗಿನ್ ನಲವತ್ತೆರಡು.
ನನ್ನ ಗಂಡ ನಲವತ್ತನಾಲ್ಕು.
ಇಪ್ಪತ್ತಾರು ವರ್ಷ ಕಾಲೊತ್ತಿದ್ದೇನೆ, ಗೊತ್ತಿರಲಿಲ್ಲ.
ಎಸೆನ್‌ಕುಲ್‌ನ ಸರದಿಗೆ ಮೀರಿಮಳ ಬೆರಳು ನಿಂತಿತು:
ಬಲ ನಲವತ್ತೊಂದು, ಎಡ ಮೂವತ್ತೆಂಟು.
ಖಾನೆ ಒಂದೇ ಇತ್ತು.
ಅವನನ್ನು ಬಿಟ್ಟೆವು.

ಹಿಮ ಕರಗಿ ದಾರಿ ಕೆಸರಾದಾಗ
ರಾಟರ್‌ಡ್ಯಾಮಿನ ಒಬ್ಬನಿಂದ ಪ್ರಶ್ನೆ.
ಹುಟ್ಟುವಾಗಲೇ ಒಂದು ಪಾದ ಚಿಕ್ಕದಂತೆ.
ಎರಡು ಜೊತೆ ಕೊಂಡು ಒಂದೊಂದನ್ನು ಎಸೆಯುತ್ತ
ಐವತ್ತು ವರ್ಷ ನಡೆದು ಬಂದಿದ್ದಾನಂತೆ.
"ನಿಮ್ಮಿಂದಾದೀತೆ? ಎರಡು ಜೊತೆಯ ದುಡ್ಡೇ ಕೊಡುತ್ತೇನೆ."

ಮೊಳೆಯ ಕಡೆ ನೋಡಿದೆ.
ಎಸೆನ್‌ಕುಲ್ ತೂಗುತ್ತಿದ್ದ, ಒಂದು ಉದ್ದ, ಒಂದು ಮೊಟಕು.
"ಅವನದು ಚಿಕ್ಕದು ಬಲಗಾಲು," ಎಂದಳು ಮೀರಿಮ್.
ಇರಲಿ. ನಮ್ಮ ಉಣ್ಣೆಗೆ ಎಡ ಯಾವುದು ಬಲ ಯಾವುದು
ತಿಳಿಯುವುದು ಮೆಟ್ಟಿದ ಮೇಲೆಯೇ.
ಒಂದೇ ಜೊತೆಯ ದುಡ್ಡು ಸಾಕೆಂದು ಬರೆ.

ಈಗ ನಮ್ಮ ಅಂಗಡಿಯ ಮೊದಲ ಸಾಲು ಅದೇ:
ಎರಡು ಕಾಲಿಗೆ ಎರಡಳತೆ, ಬೆಲೆ ಒಂದೇ.
ಗುರುವಾರ ಅಂಚೆಗೆ ಏಳು ಪೊಟ್ಟಣ, ಒಮ್ಮೆ ಹನ್ನೊಂದು.
ಜಗತ್ತು ಇಷ್ಟೊಂದು ವಾರೆಯಾಗಿ ನಿಂತಿದೆಯೆಂದು
ಕೊಚ್ಕೋರಿನಲ್ಲಿ ಯಾರಿಗೆ ತಿಳಿದಿತ್ತು?

ಸುದ್ದಿ ಕೇಳಿ ಎಸೆನ್‌ಕುಲ್ ಬಂದ.
ಎರಡು ಬಟ್ಟಲು ಚಹಾ ಕುಡಿದ.
ಅಚ್ಚನ್ನಿಳಿಸಿ, ಬೆರಳಿಲ್ಲದ ತುದಿಯನ್ನು
ಹೆಬ್ಬೆಟ್ಟಿನಿಂದ ಸವರಿ, ನಗದೆ ಕೇಳಿದ:
"ನನ್ನ ಕಾಲಿಗೆ ಬಾಡಿಗೆ ಎಷ್ಟು ಕೊಡುತ್ತೀರಿ?"

ಮೀರಿಮ್ ಲೆಕ್ಕದ ಹಾಳೆ ಎಳೆದುಕೊಂಡು
ಅಂಟುಪಟ್ಟಿಯ ಕೆಳಗೆ ಬರೆದಳು: ಎಸೆನ್‌ಕುಲ್, ಎಡಗಾಲು.
ಮುಂದಿನ ಖಾನೆಯ ಮೇಲೆ ಪೆನ್ನಿಟ್ಟು
ನನ್ನ ಮುಖ ನೋಡಿದಳು.